ಕರೆಂಟ್ ಕಾರು ಮತ್ತು ತಗಡಿನ ಶೆಡ್ಡು

ರೇಸ್ ಕಾರು ಕಟ್ಟುವ ಮಕ್ಕಳ ಜೊತೆ ಇದ್ದರೆ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ಬರ ಇರುವುದು ಆ ಹೊತ್ತಿಗೆ ನಗುವ ಧೈರ್ಯಕ್ಕೆ.

ನಂಜನಗೂಡಿನ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಎಲೆಕ್ಟ್ರಿಕಲ್ ಮೇಡಂ. ಬ್ಯಾಟರಿಯಲ್ಲಿ ಓಡುವ ಒಂದು ಸೀಟಿನ ರೇಸ್ ಕಾರು ಕಟ್ಟುವ ಹುಡುಗ ಹುಡುಗಿಯರ ಗುಂಪಿಗೆ ಹೇಳಿಕೊಳ್ಳಲು ನಾನೇ ಮಾರ್ಗದರ್ಶಕಿ. ನಿಜವಾಗಿ ನಡೆಸುವವಳು ದೇವನೂರಿನ ಒಬ್ಬ ಹುಡುಗಿ, ತಂಡದ ನಾಯಕಿ. ಬ್ಯಾಟರಿ ನೋಡಿಕೊಳ್ಳುವವನು ಕಳಲೆಯ ಹುಡುಗ. ಹೋದ ವರ್ಷ ಸ್ಪರ್ಧೆಗೆ ಹೋಗಿ, ತಪಾಸಣೆಯಲ್ಲೇ ಬಿದ್ದು, ಟ್ರ್ಯಾಕಿಗೆ ಇಳಿಯದೆ ವಾಪಸ್ಸು ಬಂದಿದ್ದೆವು. ಈ ಸಲ ನಮ್ಮ ಪ್ರಿನ್ಸಿಪಾಲರು ಕರೆದು ಖಡಾಖಂಡಿತವಾಗಿ ಹೇಳಿಬಿಟ್ಟರು: "ನೋಡೀಮ್ಮಾ, ಕಾರು ತಪಾಸಣೆ ಪಾಸಾಗಿ ಸ್ಟಿಕ್ಕರ್ ಅಂಟಿಸ್ಕೊಂಡು ಬಂದ್ರೆ ಶೆಡ್ಡು ನಿಮ್ದು. ಇಲ್ಲಾಂದ್ರೆ ಅಲ್ಲಿ ಸ್ಟಾಫ್ ಸ್ಕೂಟರ್ ಸ್ಟ್ಯಾಂಡ್."

ನಾವು ಕಾರು ಕಟ್ಟುವ ಆ ತಗಡಿನ ಶೆಡ್ಡು ಹೋದರೆ ತಂಡವೂ ಹೋದಂತೆ. ಆ ಭಯದಲ್ಲೇ ನಾವು ಆ ಚಳಿಗಾಲ ಕಳೆದದ್ದು.

ಹುರುಳಿ ಒಕ್ಕಣೆ

ಬ್ರೇಕ್ ಪರೀಕ್ಷಿಸಲು ತಾಂಡವಪುರದ ಕಡೆ ಮನೆ ಏಳದ ಒಂದು ಹೊಸ ಲೇಔಟಿನವರು ಅನುಮತಿ ಕೊಟ್ಟಿದ್ದರು. ನುಣುಪಾದ ಟಾರು ರಸ್ತೆ. ಬೆಳಿಗ್ಗೆ ಕಾರು ಇಳಿಸಿ ನೋಡಿದರೆ ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿದೆ. ಪಕ್ಕದಲ್ಲಿ ಮೊರ ಹಿಡಿದ ಒಬ್ಬ ಅಜ್ಜಿ.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಎಳ್ಕೊಳ್ತೀರಾ?" ಎಂದಳು ನಾಯಕಿ.

"ಯಾಕವ್ವ ಎಳೀಬೇಕು? ಅದ್ರ ಮ್ಯಾಲೇ ಓಡ್ಸಿ. ಊರ್ ರಸ್ತೇಲಿ ಬಸ್ಸು, ಟ್ಯಾಕ್ಟ್ರು ಎಲ್ಲಾ ಓಯ್ತವೆ, ನಿಮ್ದೇನು ಎಚ್ಚು?"

ನಮ್ಮ ಕಾರಿಗೂ ನೆಲಕ್ಕೂ ನಾಲ್ಕು ಬೆರಳು ಅಂತರ. ಹುರುಳಿಯವರೆಗೆ ಹೋಗದೆ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಕಾರು ಬಾಣದ ಹಾಗೆ ಹೊರಟಿತು. ಆದರೆ ಬ್ರೇಕ್ ಹಿಡಿದದ್ದು ತಡವಾಗಿ. ಕಾರು ಸೀದಾ ಹುರುಳಿಯೊಳಗೆ ನುಗ್ಗಿ, ಬಳ್ಳಿಯೆಲ್ಲ ಚೈನಿಗೆ ಸುತ್ತಿಕೊಂಡು, ಒಂದು ಸಲ ಕೊಸರಿ ತಣ್ಣಗಾಯಿತು. ಮೋಟಾರು ಸುಟ್ಟಿತೋ ಏನೋ! ಹೊಸ ಮೋಟಾರು ತರಿಸುವಷ್ಟು ಸಮಯವೂ ಇರಲಿಲ್ಲ. ಎಲ್ಲರೂ ಮಂಡಿಯೂರಿ ಬಳ್ಳಿ ಬಿಡಿಸುತ್ತಿದ್ದೇವೆ. ಕಳಲೆಯ ಹುಡುಗ ಮೋಟಾರಿನ ಮೇಲೆ ಕೈಯಿಟ್ಟು, ಮೂಗಿಟ್ಟು ನೋಡಿ, "ಸುಟ್ಟಿಲ್ಲ ಮೇಡಂ" ಎಂದಾಗ ನನಗೆ ಉಸಿರು ಬಂತು.

ಅಷ್ಟರಲ್ಲಿ ಅಜ್ಜಿ ಬಂದು, ಕಾರು ಹಾದ ಜಾಗದಿಂದ ಒಂದು ಕಾಯಿ ಎತ್ತಿ, ಒತ್ತಿ ನೋಡಿ, ಕಾರನ್ನು ಮರುಕದಿಂದ ನೋಡಿತು.

"ಒಂದ್ ಕಾಳೂ ಬುಟ್ಟಿಲ್ಲ ಕಣವ್ವ. ತೂಕ್ವೇ ಇಲ್ವಲ್ಲ ನಿಮ್ ಗಾಡೀಗೆ!"

ವರ್ಷವಿಡೀ ಒಂದೊಂದು ತಗಡನ್ನೂ ಕೊರೆದು ಕೊರೆದು ತೂಕ ಇಳಿಸಿದ್ದ ನಾಯಕಿಯ ಮುಖ ಅರಳಿತು. "ಮೇಡಂ, ನಮ್ಮ ಕೆಲಸವನ್ನ ಹೊಗಳಿದವರಲ್ಲಿ ಇವರೇ ಮೊದಲನೆಯವರು" ಎಂದಳು.

ಅಜ್ಜಿ ಮೊರ ಕೊಡವುತ್ತಾ ಹೇಳಿತು: "ನಾಳೀಕ್ ಬರೋವಾಗ ಒಂದೆಲ್ಡು ದಪ್ಪ ಕಲ್ಲಾರ ಏರ್ಕೊಂಡ್ ಬನ್ನಿ."

ಹಸಿ ಕಸ, ಒಣ ಕಸ

ಬ್ಯಾಟರಿ ಕಾರಿಗೆ ಸದ್ದಿಲ್ಲ. ಅದಕ್ಕೇ ಹೊರಡುವ ಮುನ್ನ ಜೋರಾಗಿ ಒಂದು ಸದ್ದು ಮಾಡಬೇಕು ಎಂದು ಸ್ಪರ್ಧೆಯ ನಿಯಮ. ಕಳಲೆಯ ಹುಡುಗ ಪೇಟೆಯ ಬಿಡಿಭಾಗದ ಅಂಗಡಿಯಿಂದ ಒಂದು ಬಜರ್ ತಂದು ಹಾಕಿದ. ನಮ್ಮ ಶೆಡ್ಡಿನ ಹಿಂದಿನ ಬೀದಿಗೆ ಬರುವ ಕಸದ ಗಾಡಿಯವರೂ ಅದೇ ಅಂಗಡಿಯಲ್ಲಿ ಅದನ್ನೇ ಕೊಂಡಿದ್ದರೆಂದು ನಮಗೇನು ಗೊತ್ತು?

ಸ್ಪರ್ಧೆಗೆ ಹೊರಡಲು ಇನ್ನೇನು ಸ್ವಲ್ಪವೇ ಸಮಯ ಇದೆ ಎನ್ನುವಾಗ ಕಾರು ಹಟ ಹಿಡಿಯಿತು. ಸ್ವಿಚ್ ಒತ್ತಿದರೆ ಬಜರ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಹುಡುಗ ಮತ್ತೆ ಒತ್ತಿದ. ಮತ್ತೆ ಕೂಗಿತು. ಎಲ್ಲರಿಗೂ ಬೆವರು. ತಲೆ ಎತ್ತಿ ನೋಡಿದರೆ ಹಿಂದಿನ ಬಾಗಿಲಲ್ಲಿ ಬಕೆಟ್ಟು ಹಿಡಿದ ಹೆಂಗಸರ ಸಾಲು.

"ಅಲ್ಲಾ ಕಣ್ರೀ, ಹಬ್ಬ ಕಳೆದ್ಮೇಲೆ ಈ ಕಡೆ ತಲೆನೇ ಹಾಕ್ಲಿಲ್ಲ, ಈಗ ಇಲ್ಲಿ ನಿಂತ್ಕೊಂಡು ಬಡ್ಕೋತಿದ್ದೀರಲ್ಲ" ಎಂದು ಮುಂದಿದ್ದಾಕೆ ಒಳಗೇ ಬಂದರು. ಕಾರಿನ ಎಡಬಲಕ್ಕೆ ಮುಚ್ಚಳ ತೆಗೆದಿಟ್ಟ ಎರಡು ವೈರಿನ ಪೆಟ್ಟಿಗೆ. "ಪರವಾಗಿಲ್ವೇ, ಬೇರೆ ಬೇರೆ ಡಬ್ಬ ಮಾಡಿದ್ದೀರ!" ಎಂದವರೇ ಒಂದು ಬಕೆಟ್ ಅವರೆಕಾಯಿ ಸಿಪ್ಪೆಯನ್ನು ಎಡಗಡೆಯ ವೈರುಗಳ ಮೇಲೆ ಸುರಿದುಬಿಟ್ಟರು.

"ಅಯ್ಯೋ ಆಂಟೀ, ಹೈ ವೋಲ್ಟೇಜ್!" ಎಂದು ಹುಡುಗ ಕಿರುಚಿ ಕರೆಂಟು ತೆಗೆದ.

ಅಳುಮುಖ ಮಾಡಿಕೊಂಡು ಒಂದೊಂದೇ ಸಿಪ್ಪೆ ಹೆಕ್ಕುತ್ತಾ ಹೋದವನು ತಟ್ಟನೆ ನಿಂತ. ಸಿಪ್ಪೆಯ ಅಡಿಯಲ್ಲಿ ಒಂದು ವೈರು ಕಳಚಿ ಬಿದ್ದಿತ್ತು. ನಾವು ಬೆಳಗಿನಿಂದ ಹುಡುಕುತ್ತಿದ್ದ ದೋಷವೇ ಅದು! ಸಿಕ್ಕಿಸಿದ ಕೂಡಲೇ ಚಕ್ರ ತಿರುಗಿತು. ನಾವೆಲ್ಲ ಕುಣಿದೆವು.

ಆಕೆ ಮಾತ್ರ ಕದಲಲಿಲ್ಲ. "ಕುಣಿಯೋದೆಲ್ಲ ಆಮೇಲೆ. ಒಣ ಕಸ ತಗೋತೀರೋ, ವಾಪಸ್ ಮನೆಗೆ ಒಯ್ಯಲೋ?"

ಕಿತ್ತುಬಂದ ಸ್ಟೇರಿಂಗು

ಸ್ಪರ್ಧೆ ಪಕ್ಕದ ರಾಜ್ಯದಲ್ಲಿ. ಸಂಜೆ ಗೇಟು ಮುಚ್ಚುವುದರೊಳಗೆ ಸೇರದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಟೆಂಪೋದಲ್ಲಿ ಕಾರು ಹೇರಿಕೊಂಡು ಹೊರಟ ನಮ್ಮನ್ನು ಟಿ. ನರಸೀಪುರ ದಾಟುತ್ತಿದ್ದಂತೆ ಒಬ್ಬ ಪೇದೆ ಕೈ ಅಡ್ಡ ಹಾಕಿ ನಿಲ್ಲಿಸಿದರು. ಎಂಜಿನ್ ಎಲ್ಲಿ, ನಂಬರ್ ಪ್ಲೇಟ್ ಎಲ್ಲಿ ಎಂದೆಲ್ಲ ವಿಚಾರಣೆಯಾಯಿತು. ನಾಯಕಿ ಗಡಿಯಾರ ನೋಡುತ್ತಾ ಉತ್ತರ ಕೊಟ್ಟಳು. ಕಡೆಗೆ ಅವರಿಗೂ ಆಸೆಯಾಯಿತು. "ಕೂತ್ಕಂಡು ಒಂದ್ ಫೋಟೋ ಇಡ್ಕೊಳ್ಲಾ?"

ಕೂತರು. ಏಳಲು ಆಗಲಿಲ್ಲ. ನಮ್ಮ ಸೀಟು ಬಡಕಲು ಹುಡುಗರ ಅಳತೆಯದು. ಹೊಟ್ಟೆ ಸ್ಟೇರಿಂಗಿಗೆ ಒತ್ತಿಕೊಂಡಿತು. ಕಳಲೆಯ ಹುಡುಗ ಸಹಾಯಕ್ಕೆಂದು ಬಗ್ಗಿ, ಸ್ಟೇರಿಂಗಿನ ಹಿಂದಿನ ಕೊಂಡಿ ಒತ್ತಿ ಬಿಡಿಸಿದ. ಓಡಿಸುವವರು ಬೇಗ ಇಳಿಯಲೆಂದು ರೇಸ್ ಕಾರಿನ ಸ್ಟೇರಿಂಗು ಹಾಗೆ ಕಳಚಿಕೊಳ್ಳುತ್ತದೆ. ಪೇದೆಗೆ ಅದು ಗೊತ್ತಿಲ್ಲ. ಬಿಗಿಯಾಗಿ ಹಿಡಿದಿದ್ದ ಸ್ಟೇರಿಂಗು ಅವರ ಕೈಯಲ್ಲೇ ಬಂದುಬಿಟ್ಟಿತು.

"ಅಯ್ಯಯ್ಯೋ, ಕಿತ್ತೋಯ್ತು! ನಾನೇನೂ ಮಾಡ್ನಿಲ್ಲ ಕಣ್ರಪ್ಪಾ!" ಎಂದು ಎಗರಿ ಇಳಿದರು. ಅಷ್ಟು ಬೇಗ ನಮ್ಮ ಹುಡುಗರೂ ಇಳಿದದ್ದಿಲ್ಲ. ಸ್ಟೇರಿಂಗನ್ನು ಸೀಟಿನ ಮೇಲೆ ಮೆಲ್ಲಗೆ ಮಲಗಿಸಿ, ಅತ್ತಿತ್ತ ನೋಡಿ ದನಿ ತಗ್ಗಿಸಿದರು: "ಓಗಿ, ಬ್ಯಾಗ ಓಗಿ. ನೀವು ನನ್ನ ನೋಡಿಲ್ಲ, ನಾನು ನಿಮ್ಮನ್ನ ನಿಲ್ಲಿಸೇ ಇಲ್ಲ."

ದಾರಿಹೋಕರು

ತಪಾಸಣೆಯಲ್ಲಿ ಕಡೆಯದೂ ಎಲ್ಲಕ್ಕಿಂತ ಕಠಿಣವಾದದ್ದೂ ಮಳೆ ಪರೀಕ್ಷೆ. ಅದರಲ್ಲಿ ಪಾಸಾದರೆ ಸ್ಟಿಕ್ಕರ್, ಆಮೇಲೆ ಟ್ರ್ಯಾಕಿನಲ್ಲಿ ಬ್ರೇಕ್ ಟೆಸ್ಟ್. ಕರೆಂಟು ಚಾಲೂ ಇರುವಾಗಲೇ ಕಾರಿನ ಮೇಲೆ ನೀರು ಸುರಿಯುತ್ತಾರೆ. ಎಲ್ಲಾದರೂ ಒಂದು ಹನಿ ಒಳಹೊಕ್ಕು ಕರೆಂಟು ಸೋರಿದರೆ ಕಾರು ತಾನಾಗಿಯೇ ನಿಲ್ಲುತ್ತದೆ. ಹೋದ ವರ್ಷ ನಾವು ಬಿದ್ದದ್ದು ಇಲ್ಲೇ. ಸರದಿಯಲ್ಲಿ ನಿಂತಿದ್ದೇವೆ, ನಾಯಕಿ ಉಗುರು ಕಚ್ಚುತ್ತಿದ್ದಾಳೆ. ಅಷ್ಟರಲ್ಲಿ ಯಾರಿಗೂ ಹೇಳದೆ ಪ್ರಿನ್ಸಿಪಾಲರು ಪ್ರತ್ಯಕ್ಷ! ಕೈಯಲ್ಲಿ ಪೂಜೆಯ ತಟ್ಟೆ.

"ಹೊಸ ಗಾಡಿಗೆ ಪೂಜೆ ಮಾಡದೆ ನೀರು ಹಾಕಿಸ್ತೀರಾ? ಹೋದ್ಸಲ ಹಿಂಗೇ ಆಗಿದ್ದು" ಎಂದು ಗದರಿ, ಕಾರಿನ ಮೂತಿಗೆ ವಿಭೂತಿ ಬಳಿದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ನಾನು "ಸರ್, ಅದೊಂದು ಬೇಡ" ಎನ್ನುವಷ್ಟರಲ್ಲಿ ಕರ್ಪೂರ ಹಚ್ಚಿಯೇಬಿಟ್ಟರು.

ಬ್ಯಾಟರಿಯ ಹತ್ತಿರ ಬೆಂಕಿ! ಎಲ್ಲಿದ್ದರೋ, ಕೆಂಪು ಜಾಕೆಟ್ಟಿನ ಇಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದರು. ನಾಯಕಿ ಕಾರಿನ ಮೇಲೆ ಟಾರ್ಪಾಲು ಎಳೆದಳು. ಪ್ರಿನ್ಸಿಪಾಲರ ಮೇಲೆ ಎಳೆಯಲು ಇನ್ನೊಂದು ಟಾರ್ಪಾಲು ಇರಲಿಲ್ಲ. ಬುಸ್ಸೆಂದು ಹೊಡೆದ ಪುಡಿ ಇಳಿದಾಗ ಅವರು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ತಟ್ಟೆ ಹಿಡಿದೇ ನಿಂತಿದ್ದರು.

ಮುಖ್ಯ ತಪಾಸಣಾಧಿಕಾರಿ ಕೂಗುತ್ತಾ ಬಂದರು. "ಬೆಂಕಿ ಹಚ್ಚಿದ್ದು ಯಾವ ತಂಡದವರು? ಆ ತಂಡ ಈಗಲೇ ಹೊರಕ್ಕೆ!"

"ನಾನು ಯಾರು ಗೊತ್ತೇನ್ರೀ? ನಾನು ಇವರ..." ಎಂದು ಪ್ರಿನ್ಸಿಪಾಲರು ಎದೆ ಉಬ್ಬಿಸಿದರು. ನಾಯಕಿ ಕಣ್ಣಲ್ಲಿ ನೀರು ತುಂಬಿಕೊಂಡು ಅವರನ್ನೇ ನೋಡಿದಳು. ಅವರ ಉಬ್ಬಿದ ಎದೆ ಇಳಿಯಿತು. "...ಇವರ ಪೈಕಿ ಅಲ್ಲ. ದಾರೀಲಿ ಹೋಗ್ತಿದ್ದೆ. ಕಾರು ಕಂಡ್ರೆ ಕೈ ಮುಗಿಯೋ ಅಭ್ಯಾಸ."

ಅಧಿಕಾರಿ ನನ್ನತ್ತ ತಿರುಗಿದರು. "ಮೇಡಂ, ನಿಮಗೆ ಇವರು ಗೊತ್ತೇ?"

ನನ್ನ ರಜೆ ಚೀಟಿಗೆಲ್ಲ ಸಹಿ ಹಾಕುವ ಮಹಾನುಭಾವರನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. "ಇಷ್ಟು ಬೆಳ್ಳಗಿರೋರನ್ನ ನಾನು ಎಲ್ಲೂ ಕಂಡಿಲ್ಲ ಸರ್" ಎಂದೆ.

ಇಬ್ಬರು ಗಾರ್ಡುಗಳು ಆಚೀಚೆ ತೋಳು ಹಿಡಿದು ಅವರನ್ನು ಗೇಟಿನಾಚೆ ಬಿಟ್ಟು ಬಂದರು.

ನೀರು ಸುರಿಯಿತು. ಕಳಲೆಯ ಹುಡುಗ ಕಣ್ಣು ಮುಚ್ಚಿಕೊಂಡ. ನಾಯಕಿ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒಡೆಯುವಷ್ಟು ಬಿಗಿಯಾಗಿ. ಕರೆಂಟು ಚಾಲೂ ಇದೆ ಎಂದು ತೋರಿಸುವ ದೀಪ ಆರಲಿಲ್ಲ. ನೀರು ನಿಂತಿತು. ಆಗಲೂ ಆರಲಿಲ್ಲ. ಅಧಿಕಾರಿ ಕಾರಿನ ಸುತ್ತ ಒಂದು ಸುತ್ತು ಬಂದು, ಜೇಬಿನಿಂದ ಸ್ಟಿಕ್ಕರ್ ತೆಗೆದು ಮೂತಿಗೆ ಅಂಟಿಸಿದರು. ಬೇಲಿಯಾಚೆ ಒಂದು ಬಿಳಿಯ ಆಕೃತಿ ಕುಣಿಯುತ್ತಿತ್ತು.

ನನ್ನ ಫೋನು ಬಡಿದುಕೊಂಡಿತು. "ಮೇಡಂ, ಅಂಟಿಸಿದ್ರಲ್ವಾ? ಈ ಕಣ್ಣಾರೆ ನೋಡ್ದೆ! ಶೆಡ್ಡು ನಿಮ್ದೇ, ಮಕ್ಕಳಿಗೆ ಹೇಳಿ. ಈಗ ಈ ಗಾರ್ಡಿಗೊಂದು ಮಾತು ಹೇಳಿ, ನಾನು ನಿಮ್ಮ ಪ್ರಿನ್ಸಿಪಾಲ್ ಅಂತ. ಇಲ್ಲಿ ಬಿಸಿಲು ಸುಡ್ತಿದೆ."

ಫೋನನ್ನು ಅಂಗೈಯಿಂದ ಮುಚ್ಚಿ ನಾಯಕಿಯನ್ನು ಕೇಳಿದೆ: "ಏನಮ್ಮಾ, ಒಳಗೆ ಬಿಡಿಸೋಣವಾ?"

ಅವಳು ಬೇಲಿಯ ಕಡೆ ನೋಡಿ ಭಕ್ತಿಯಿಂದ ಕೈ ಮುಗಿದು, ನನ್ನ ಕಿವಿಯಲ್ಲಿ ಹೇಳಿದಳು: "ಬೇಡ ಮೇಡಂ. ಇನ್ನೂ ಬ್ರೇಕ್ ಟೆಸ್ಟ್ ಬಾಕಿ ಇದೆ."