ಸ್ವಾತಂತ್ರ್ಯ ಗೀತೆಯ ಎಂಟನೇ ಕಾಲಂ

ಡಲ್ಲಾಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ನಗರಗಳನ್ನೊಳಗೊಂಡ ತ್ರಿನಗರ ಕನ್ನಡ ಬಳಗದ ನಿಯಮ ಹನ್ನೊಂದರ ಪ್ರಕಾರ, ಸ್ತ್ರೀ ಸ್ವಾತಂತ್ರ್ಯ ಸಾರುವ ಯಾವುದೇ ಹಾಡಿಗೆ ವೇದಿಕೆಯ ಮೇಲೆ ಕುಣಿಯಬಯಸುವ ಮಹಿಳೆಯರು ಮುಂಚಿತವಾಗಿ ಮೂವರು ಗಂಡಸರ ಅನುಮತಿ ಪಡೆಯತಕ್ಕದ್ದು. ಈ ಗೀತ ಪರಿಶೀಲನಾ ಸಮಿತಿಗೆ ಹೆಂಗಸರನ್ನೂ ಕರೆದಿದ್ದರು. ಆದರೆ ಸಭೆಗೆ ಯಾರಾದರೂ ಒಗ್ಗರಣೆ ಅವಲಕ್ಕಿ ಮಾಡಬೇಕಲ್ಲ, ಹಾಗಾಗಿ ಅವರಿಗೆ ಬಿಡುವಾಗಲಿಲ್ಲ.

ಆಸ್ಟಿನ್ ಪಕ್ಕದ ಲಿಯಾಂಡರಿನ ಕೋಕಿಲಾ ಆರು ವರ್ಷದಿಂದ ಬಳಗದ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದಳು. ವೇದಿಕೆಯ ಮೇಲೆ ಏನು ನಡೆಯುತ್ತದೆ ಅಂತ ಅವಳಿಗೆ ಚಪ್ಪಾಳೆಯ ಸದ್ದಿನಿಂದಷ್ಟೇ ಗೊತ್ತು. ಒಂದೇ ಒಂದು ಸಲ, ನಾಲ್ಕೇ ನಾಲ್ಕು ನಿಮಿಷ, ತಾನೂ ಆ ಬೆಳಕಿನಲ್ಲಿ ನಿಲ್ಲಬೇಕು ಅಂತ ಅವಳ ಆಸೆ. ಏಳು ಮಂದಿ ಗೆಳತಿಯರನ್ನು ಸೇರಿಸಿ, ಗ್ಯಾರೇಜಿನ ಎರಡೂ ಕಾರು ಆಚೆ ನಿಲ್ಲಿಸಿ, ನಾಲ್ಕು ತಿಂಗಳು ಕುಣಿದು ಮೊಣಕಾಲು ನೋಯಿಸಿಕೊಂಡಿದ್ದಳು. ಹಾಡು ಒಬ್ಬ ಕಪ್ಪು ಅಮೆರಿಕನ್ ಪಾಪ್ ಗಾಯಕಿಯದು. ನನ್ನ ಬದುಕು ನನ್ನದು, ನನ್ನ ಬಣ್ಣ ನನ್ನದು, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಎನ್ನುವುದು ಅದರ ತಾತ್ಪರ್ಯ.

"ಜಸ್ಟ್ ಗೋ ಡ್ಯಾನ್ಸ್, ಅಮ್ಮಾ. ಅವರನ್ನ ಯಾಕೆ ಆಸ್ಕ್ ಮಾಡ್ತೀಯ?" ಎಂದಳು ಮಗಳು ನಿಖಿತಾ.

"ಸುಮ್ನಿರೇ, ಅದಕ್ಕೊಂದು ಫಾರಂ ಇದೆ," ಎಂದು ಕೋಕಿಲಾ ಮೂರು ಗಂಟೆ ಡ್ರೈವ್ ಮಾಡಿಕೊಂಡು ಡಲ್ಲಾಸ್ ಪಕ್ಕದ ಯೂಲೆಸ್‌ಗೆ ಹೋದಳು. ಅಧ್ಯಕ್ಷ ರಘೂತ್ತಮರ ಮನೆ ಇರುವುದು ಅಲ್ಲಿಯೇ.

ಫಾರಂನಲ್ಲಿ ಎಂಟು ಕಾಲಂ. ನಾಲ್ಕನೆಯದು ಗಾಯಕಿಯ ಜನಾಂಗ, ಐದನೆಯದು ಕುಣಿಯುವವರ ಜನಾಂಗ. ಅಲ್ಲಿಗೆ ಬಂದು ಸಭೆ ನಿಂತಿತು.

"ಅಲ್ರೀ, ನಾವು ಯಾವ ಬಣ್ಣದವ್ರು?" ಎಂದರು ಆಸ್ಟಿನ್ ಪ್ರತಿನಿಧಿ ಚನ್ನಬಸಪ್ಪ. "ಬಿಳೇರಂತೂ ಅಲ್ರಿ. ಕರೇರು ಅಂತ ಬರದ್ರ ನಮ್ಮವ್ವ ಒಪ್ಪಂಗಿಲ್ಲ."

ನಲವತ್ತು ನಿಮಿಷ ಚರ್ಚೆಯಾಯಿತು. ಕೊನೆಗೆ ರಘೂತ್ತಮರು ತಮ್ಮ ತಂಗಿಯ ಮದುವೆಗೆಂದು ಬರೆಸಿದ್ದ ಜಾಹೀರಾತನ್ನು ನೆನಪಿಸಿಕೊಂಡರು. ಕುಣಿಯುವವರು "ಎಣ್ಣೆಗೆಂಪು" ಎಂದು ದಾಖಲಾಯಿತು. ತಾರತಮ್ಯದ ಮಾತು ಬರಬಾರದೆಂದು ಗಾಯಕಿಯನ್ನೂ ಎಣ್ಣೆಗೆಂಪಿಗೇ ಸೇರಿಸಿಕೊಂಡರು. ಅಮೆರಿಕ ಇನ್ನೂರೈವತ್ತು ವರ್ಷದಿಂದ ತಿಣುಕುತ್ತಿರುವ ಸಮಸ್ಯೆ ಯೂಲೆಸ್‌ನಲ್ಲಿ ಎರಡನೇ ಕಾಫಿಯೊಳಗೆ ಬಗೆಹರಿಯಿತು. ಪಾಪ, ಆ ಗಾಯಕಿಗೆ ಈ ವಿಷಯ ತಿಳಿಸುವವರಿಲ್ಲ.

ಹ್ಯೂಸ್ಟನ್ ಪ್ರತಿನಿಧಿ ಮೋಹನರಾಜರು ಲ್ಯಾಪ್‌ಟಾಪ್ ತಿರುಗಿಸಿ ಹಾಡಿನ ಸಾಹಿತ್ಯ ತೋರಿಸಿದರು. "ಇಪ್ಪತ್ತೆರಡು ಸಲ ‘ಕೇಳೋದಿಲ್ಲ’ ಅಂತಾಳೆ, ಕೋಕಿಲಾ ಅವರೇ. ಹನ್ನೊಂದಕ್ಕೆ ಇಳಿಸಬಹುದಾ?"

"ಇಳಿಸಿದರೆ ಹಾಡೇ ಅರ್ಧ ಆಗುತ್ತೆ, ಸರ್."

"ಹಾಗಾದರೆ ಇರಲಿ ಬಿಡಿ. ಎಂಟನೇ ಕಾಲಂ ಮಾತ್ರ ತುಂಬಿಬಿಡಿ."

ಎಂಟನೇ ಕಾಲಂ ಗಂಡನ ಸಹಿಗೆ. ಗಂಡನಿಲ್ಲದಿದ್ದರೆ ತಂದೆ, ತಂದೆ ಹತ್ತಿರದಲ್ಲಿಲ್ಲದಿದ್ದರೆ ಯಾರಾದರೂ ಜವಾಬ್ದಾರಿಯುತ ಗಂಡಸು.

"ಹಾಡಲ್ಲೇ ಯಾರನ್ನೂ ಕೇಳಲ್ಲ ಅಂತ ಇದೆಯಲ್ಲ, ಸರ್," ಎಂದಳು ಕೋಕಿಲಾ.

"ಅದಕ್ಕೇ ಮುಂಚೆ ಕೇಳಿಬಿಡಿ ಅನ್ನೋದು," ಎಂದರು ರಘೂತ್ತಮರು, ತಾಳ್ಮೆಯಿಂದ. "ಆಮೇಲೆ ಧೈರ್ಯವಾಗಿ ಕೇಳೋದಿಲ್ಲ ಅಂತ ಕುಣೀಬಹುದು."

ಕೋಕಿಲಾ ಫಾರಂ ಹಿಡಿದುಕೊಂಡು ವಾಪಸು ಲಿಯಾಂಡರಿಗೆ ಹೊರಟಳು. ಏಳು ಗಂಡಂದಿರು ಸಹಿ ಹಾಕಿದರು. ಎಂಟನೆಯವಳಾದ ಅನಘಾ ಇನ್ನೂ ಓದುತ್ತಿದ್ದಳು, ಅಪ್ಪ ಮೈಸೂರಿನಲ್ಲಿ. ಅವಳ ಪ್ರೊಫೆಸರು ಅದನ್ನು ಲ್ಯಾಬಿನ ಸುರಕ್ಷತೆಯ ಕಾಗದವೆಂದುಕೊಂಡು ಖುಷಿಯಿಂದಲೇ ಸಹಿ ಮಾಡಿದರು.

ರಾಜ್ಯೋತ್ಸವ ಹ್ಯೂಸ್ಟನ್ನಿನಲ್ಲಿ ನಡೆಯಿತು. ಪ್ರಾಯೋಜಕರ ಭಾಷಣಗಳು ಮುಗಿಯುವಷ್ಟರಲ್ಲಿ ಸಭಾಂಗಣ ಖಾಲಿ ಮಾಡಲು ಉಳಿದದ್ದು ನಾಲ್ಕೇ ನಿಮಿಷ. ಆದರೆ ಇಂಥ ಕ್ರಾಂತಿಕಾರಿ ಹಾಡಿಗೆ ಅನುಮತಿ ಕೊಟ್ಟ ಮೂವರಿಗೆ ಸನ್ಮಾನ ಬಾಕಿಯಿತ್ತು. ಪರದೆಯ ಹಿಂದೆ ನಿಂತಿದ್ದ ಕೋಕಿಲಾಳಿಗೆ ಅಳುವೇ ಬಂತು. ಆಗ ಮೈಕಿನಲ್ಲಿ ಪ್ರಕಟಣೆ ಬಂತು: "ಸಮಯದ ಅಭಾವದಿಂದ ಸ್ತ್ರೀ ಸ್ವಾತಂತ್ರ್ಯವನ್ನೂ ಸನ್ಮಾನವನ್ನೂ ಒಟ್ಟಿಗೆ ನೆರವೇರಿಸಲಾಗುವುದು. ಮಹಿಳೆಯರು ದಯವಿಟ್ಟು ತಟ್ಟೆಗಳನ್ನು ತೆಗೆದುಕೊಳ್ಳಬೇಕಾಗಿ ವಿನಂತಿ."

ಕೋಕಿಲಾ ಕಣ್ಣೊರೆಸಿಕೊಂಡು ತಟ್ಟೆ ತೆಗೆದುಕೊಂಡಳು. ಹಾಡು ಶುರುವಾಯಿತು. ನಾಲ್ಕು ತಿಂಗಳ ಅಭ್ಯಾಸ, ಕಾಲು ಸುಮ್ಮನಿರುತ್ತದೆಯೇ? ಎಂಟೂ ಜನ ಶಾಲು, ಪೇಟ, ಹಾರ, ಹಣ್ಣುಗಳ ತಟ್ಟೆ ಹಿಡಿದು, ಕುರ್ಚಿಯಲ್ಲಿ ಕೂತಿದ್ದ ಮೂವರ ಸುತ್ತ ಸೊಂಟ ತಿರುಗಿಸಿ ಕುಣಿದರು. ಇಪ್ಪತ್ತೆರಡು ಸಲವೂ "ಕೇಳೋದಿಲ್ಲ" ಬಂತು. ಒಂದು ಕಿತ್ತಳೆ ಉರುಳಿ ಚನ್ನಬಸಪ್ಪನವರ ಮಡಿಲಿಗೆ ಬಿತ್ತು, ಅವರು ಅದಕ್ಕೂ ಕೈಮುಗಿದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸನ್ಮಾನಿತರು ಎದ್ದು ಅದನ್ನು ಸ್ವೀಕರಿಸಿದರು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಸ್ವಾತಂತ್ರ್ಯ ಗೀತೆಗಳನ್ನು ಇನ್ನು ಮೇಲೆ ತಟ್ಟೆ ಸಮೇತವೇ ಪ್ರದರ್ಶಿಸತಕ್ಕದ್ದು ಎಂದು ಠರಾವಾಯಿತು. ಈ ಪದ್ಧತಿಯನ್ನು ಹುಟ್ಟುಹಾಕಿದ ಕೋಕಿಲಾಳನ್ನು ಸಮಿತಿಯ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡರು. ಅವಳಿಗೊಂದು ಬ್ಯಾಡ್ಜು, ಒಂದು ಹಸಿರು ಪೆನ್ನು ಕೊಟ್ಟರು. ಅವಲಕ್ಕಿ ಈಗಲೂ ಅವಳದೇ.

ಈ ವರ್ಷದ ಮೊದಲ ಅರ್ಜಿ ನಿಖಿತಾಳದ್ದು. ಅದೇ ಗಾಯಕಿ, ಹೊಸ ಹಾಡು. ಕೋಕಿಲಾ ಊಟದ ಮೇಜಿನ ಮೇಲೆ ಫಾರಂ ಹರಡಿ, ಕನ್ನಡಕ ಏರಿಸಿ, ಒಂದೊಂದೇ ಕಾಲಂ ಓದಿದಳು. ಮಗಳು ಎಣ್ಣೆಗೆಂಪು ಎಂದು ತಪ್ಪಿಲ್ಲದೆ ಬರೆದದ್ದು ನೋಡಿ ಅವಳಿಗೆ ಹೆಮ್ಮೆಯಾಯಿತು.

"ಎಲ್ಲಾ ಸರಿ ಇದೆ ಕಣೇ," ಎಂದು ಫಾರಂ ವಾಪಸು ಕೊಟ್ಟಳು. "ಎಂಟನೇ ಕಾಲಂ ಖಾಲಿ ಇದೆ. ಒಳಗೆ ಹೋಗಿ ಅಪ್ಪನ ಸಹಿ ಹಾಕಿಸಿಕೊಂಡು ಬಾ."