ಅಜ್ಜಿಯ ಹೆಸರಿನಲ್ಲಿ ರಜೆ

ಅಲಾರಂ ಹೊಡೆದಿತ್ತು. ದೊರೆ ನಿದ್ದೆಗಣ್ಣಿನಲ್ಲೇ ತಡಕಾಡಿ ಅದರ ಬಾಯಿ ಮುಚ್ಚಿಸಿದ್ದ. ಎಚ್ಚರವಾದಾಗ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಏರಿತ್ತು. ತರಗತಿಯ ಮುಂದೆ ನಿಂತು ಅವನು ವಿವರಿಸಬೇಕಿದ್ದ ಪಾಠವನ್ನು ತಂಡದ ಉಳಿದಿಬ್ಬರೇ ಹೇಗೋ ಒಪ್ಪಿಸಿ ಮುಗಿಸಿದ್ದರು.

ದೊರೆ ಎಂದು ಹೆಸರಿಟ್ಟವಳು ಅವನ ಅಜ್ಜಿ. ಹೊತ್ತು ನೆತ್ತಿಗೇರುವವರೆಗೂ ಏಳದವನನ್ನು ಇನ್ನೇನೆಂದು ಕರೆಯಲಿ ಎನ್ನುತ್ತಿದ್ದಳು. ಊರಿನಲ್ಲಿ ಈ ಗುಣಕ್ಕೆ ನಾಲ್ಕು ಬೈಗುಳ ತಿಂದರೆ ಆಗುತ್ತಿತ್ತು. ವರ್ಷದ ಮಟ್ಟಿಗೆ ವಿನಿಮಯ ವಿದ್ಯಾರ್ಥಿಯಾಗಿ ಬಂದ ಈ ದೇಶದಲ್ಲಿ ಹಾಗಲ್ಲ. ಇನ್ನೊಂದು ಸಲ ತರಗತಿ ತಪ್ಪಿಸಿದರೆ ಗಂಟುಮೂಟೆ ಕಟ್ಟಿಸಿ ವಾಪಸು ಕಳಿಸುತ್ತೇನೆಂದು ಪ್ರೊಫೆಸರಮ್ಮ ಹೋದ ವಾರವೇ ಎಚ್ಚರಿಸಿದ್ದರು. ಆಕೆ ಬರಿದೇ ಹೆದರಿಸುವ ಜಾತಿಯವರಲ್ಲ.

ಜ್ವರವೆಂದರೆ ಡಾಕ್ಟರ ಚೀಟಿ ಕೇಳುತ್ತಾರೆ. ಬಸ್ಸು ಕೆಟ್ಟಿತೆನ್ನೋಣವೆಂದರೆ ಈ ಊರಿನ ಬಸ್ಸುಗಳಿಗೆ ಕೆಡುವ ಅಭ್ಯಾಸವೇ ಇಲ್ಲ. ದೂರದ ಸಾವಿಗಾದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಯಾರನ್ನು ಸಾಯಿಸುವುದೆಂದು ದೊರೆ ಹಾಸಿಗೆಯ ಮೇಲೆ ಕೂತು ನಂಟರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದ. ಅಪ್ಪ, ಅಮ್ಮನ ಮುಖ ಕಂಡೊಡನೆ ನಾಲಿಗೆ ಕಚ್ಚಿಕೊಂಡ. ಸೋದರಮಾವ ಸತ್ತರೆ ಅರ್ಧ ದಿನ ರಜೆ ಸಿಕ್ಕೀತೆಂಬ ಭರವಸೆಯೂ ಇರಲಿಲ್ಲ. ಕೊನೆಗೆ ಅಜ್ಜಿಯೇ ವಾಸಿ ಎನ್ನಿಸಿತು. ಎರಡು ಸಲ ಆಸ್ಪತ್ರೆ ಸೇರಿ, ಡಾಕ್ಟರನ್ನೇ ಬೈದು, ನಡೆದುಕೊಂಡು ಮನೆಗೆ ಬಂದ ಹೆಂಗಸು ಅವಳು. ಮೊಮ್ಮಗನ ಒಂದು ಸುಳ್ಳಿಗೆ ಅವಳ ಕೂದಲೂ ಕೊಂಕುವುದಿಲ್ಲ.

“ತಪ್ಪಾಯ್ತು ಅಜ್ಜಿ” ಎಂದು ಕೆನ್ನೆ ಕೆನ್ನೆ ಬಡಿದುಕೊಂಡು, ಅಜ್ಜಿ ತೀರಿಕೊಂಡರೆಂದು ಪ್ರೊಫೆಸರಮ್ಮನಿಗೆ ಸಂದೇಶ ಕಳಿಸಿದ.

ಆಕೆ ಎಷ್ಟು ಬಿಗಿಯೋ ಅಷ್ಟೇ ಮೃದು. ಕೂಡಲೇ ಅವನ ಮನೆಯೊಡತಿಗೆ ಫೋನ್ ಮಾಡಿ, ಹುಡುಗನನ್ನು ಒಬ್ಬನೇ ಬಿಡಬೇಡಿ ಎಂದರು. ಮಹಡಿಯ ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟಿದ್ದ ಆ ವಿಧವೆ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದು ಅವನನ್ನು ತಬ್ಬಿಕೊಂಡಳು.

“ಅತ್ತುಬಿಡು ಮಗೂ. ಒಳಗೇ ಇಟ್ಕೋಬೇಡ.”

“ಬರ್ತಾ ಇಲ್ಲ ಆಂಟಿ” ಎಂದ ದೊರೆ. ಅಂದು ಅವನಾಡಿದ ಮೊದಲ ನಿಜ ಅದು.

ಕೆಳಗಿಳಿದರೆ ಮೇಜಿನ ಮೇಲೆ ಬಿಸಿ ಬ್ರೆಡ್ಡು, ಮೊಟ್ಟೆ. ಹೊಟ್ಟೆ ತಾಳ ಹಾಕುತ್ತಿತ್ತು. ಅವನು ಕೈ ಚಾಚುವಷ್ಟರಲ್ಲಿ ಮನೆಯೊಡತಿ ತಟ್ಟೆಯನ್ನು ಎತ್ತಿಕೊಂಡಳು.

“ಇವತ್ತು ನಿಂಗೆ ಗಂಟಲಲ್ಲಿ ಇಳಿಯಲ್ಲ, ನಂಗೊತ್ತು. ನಮ್ಮ ಯಜಮಾನ್ರು ಹೋದಾಗ ನಂಗೂ ಹೀಗೇ ಆಗಿತ್ತು.”

“ಸ್ವಲ್ಪ ಇಳೀಬಹುದೇನೋ...”

“ನನ್ನ ಸಮಾಧಾನಕ್ಕೋಸ್ಕರ ಕಷ್ಟಪಟ್ಟು ತಿನ್ನಬೇಡ” ಎಂದು ತಟ್ಟೆಯನ್ನು ಒಳಗೇ ಒಯ್ದಳು.

ಸುದ್ದಿ ಗೋಡೆ ದಾಟಿತು. ಪಕ್ಕದ ಮನೆಯ ನಿವೃತ್ತ ಹಲ್ಲಿನ ಡಾಕ್ಟರು ಬಂದು ದೊರೆಯ ಕೈ ಹಿಡಿದವರು, ಕೀಳಬೇಕಾದ ಹಲ್ಲು ಸಿಕ್ಕಿತೆಂಬಂತೆ ಬಿಡಲೇ ಇಲ್ಲ.

“ಹೇಗಾಯ್ತು?”

“ನಿದ್ದೇಲೇ...”

“ಪುಣ್ಯವಂತರು. ನಮ್ಮತ್ತೆ ಹಾಗಲ್ಲ” ಎಂದು ಅತ್ತೆಯ ಕೊನೆಯ ವಾರವನ್ನು ಒಂದೊಂದೇ ಅಂಗದ ಸಮೇತ ವರ್ಣಿಸಿದರು. ಆಮೇಲೆ ಅಜ್ಜಿಯ ಫೋಟೋ ಕೇಳಿದರು. ಫೋನಿನಲ್ಲಿ ಅಜ್ಜಿ ಬಾಯ್ತುಂಬ ನಗುತ್ತಿದ್ದಳು. “ಛೆ, ಮುಂದಿನ ಹಲ್ಲು ಕಟ್ಟಿಸಬಹುದಿತ್ತು” ಎಂದು ಡಾಕ್ಟರು ನಿಜಕ್ಕೂ ನೊಂದುಕೊಂಡರು. ಚಿತ್ರವನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಹೋದವರು ಮಧ್ಯಾಹ್ನ ಅದನ್ನು ದೊಡ್ಡದು ಮಾಡಿಸಿ, ಕಪ್ಪು ಚೌಕಟ್ಟು ಹಾಕಿಸಿ ತಂದರು. ಮನೆಯೊಡತಿ ಅದನ್ನು ಮೇಜಿನ ಮೇಲಿಟ್ಟು ಮುಂದೊಂದು ಮೇಣದಬತ್ತಿ ಹಚ್ಚಿದಳು.

ಬದುಕಿರುವವಳ ಪಟದ ಮುಂದೆ ದೀಪ! ಮನೆಯೊಡತಿ ಅತ್ತ ತಿರುಗಿದ ತಕ್ಷಣ ದೊರೆ ಉಫ್ ಎಂದು ಊದಿದ. ಆಕೆ ಮತ್ತೆ ಹಚ್ಚಿದಳು. ಇವನು ಕೆಮ್ಮಿದಂತೆ ಮಾಡಿ ಮತ್ತೆ ಆರಿಸಿದ. “ಎಲ್ಲಿಂದ ಬರ್ತಿದೆ ಈ ಹಾಳು ಗಾಳಿ?” ಎಂದು ಆಕೆ ಕಿಟಕಿಗಳನ್ನೆಲ್ಲ ಮುಚ್ಚಿದಳು. ಡಾಕ್ಟರು ಬತ್ತಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕಾವಲು ಕೂತರು.

ಸಂಜೆ ಪ್ರೊಫೆಸರಮ್ಮ ಬಂದರು. “ನಾಳೆಯೂ ರಜಾ ತಗೋ. ನಾಳಿದ್ದು ಬಂದು ನಿನ್ನ ಭಾಗ ಒಬ್ಬನೇ ಒಪ್ಪಿಸು. ಯಾರೂ ನಿನ್ನನ್ನ ವಾಪಸು ಕಳಿಸಲ್ಲ” ಎಂದರು. ದೊರೆಗೆ ಹೋದ ಜೀವ ಬಂತು.

“ಈಗ ನಿಮ್ಮಮ್ಮನಿಗೆ ಫೋನ್ ಮಾಡು. ನಾವೆಲ್ಲ ಎರಡು ಮಾತು ಹೇಳ್ಬೇಕು.”

ಬಂದ ಜೀವ ಮತ್ತೆ ಹೊರಟಿತು. “ಅವರು ಮಲಗಿರ್ತಾರೆ ಮೇಡಂ.”

“ಇಂಥ ದಿನ ಯಾರಪ್ಪಾ ಮಲಗ್ತಾರೆ?” ಎಂದಳು ಮನೆಯೊಡತಿ.

ಬೆವರೊರೆಸಿಕೊಳ್ಳುವಾಗ ಅವನಿಗೆ ಹೊಳೆಯಿತು. ಅಮ್ಮನಿಗೆ ಇವರ ಭಾಷೆಯ ಒಂದಕ್ಷರ ಬಾರದು. ಇವರಿಗೆ ಅಮ್ಮನದು ಬಾರದು. ಆಚೆಯ ಮಾತು ಈಚೆಗೆ ಬರಬೇಕಾದರೂ ತನ್ನ ಬಾಯಿಯಿಂದಲೇ. ಇಷ್ಟು ಹೊತ್ತು ಸುಮ್ಮನೆ ಹೆದರಿದೆನಲ್ಲ ಎಂದುಕೊಂಡು ಧೈರ್ಯವಾಗಿ ವಿಡಿಯೋ ಕರೆ ಮಾಡಿದ.

ಅಮ್ಮನ ಮುಖ ಕಾಣಿಸಿತು. ಪ್ರೊಫೆಸರಮ್ಮ ತಲೆ ತಗ್ಗಿಸಿ, “ನಿಮ್ಮ ಅತ್ತೆಯವರು ತೀರಿಕೊಂಡದ್ದು ಕೇಳಿ ನಮಗೆಲ್ಲ ಬಹಳ ದುಃಖವಾಯ್ತು ಅಂತ ಹೇಳು” ಎಂದರು.

“ಅಮ್ಮಾ, ಇವರು ನಮ್ಮ ಪ್ರೊಫೆಸರು. ಅಜ್ಜಿ ಮಂಡಿನೋವು ಹೇಗಿದೆ ಅಂತ ಕೇಳ್ತಿದಾರೆ.”

ಅಮ್ಮ ಕಣ್ಣು ಬೇರೆ ಕಡೆ ಹೊರಳಿಸಿದಳು. ಮನೆಯೊಡತಿ ಕಣ್ಣೊರೆಸಿಕೊಳ್ಳಲು ಪಕ್ಕಕ್ಕೆ ಸರಿದಳು. ಹಿಂದಿದ್ದ ಪಟ, ದೀಪ ಎರಡೂ ಫೋನಿನ ಕಣ್ಣಿಗೆ ಬಿದ್ದವು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಅಯ್ಯೋ ಅಮ್ಮಾ, ಗಾಬರಿಯಾಗ್ಬೇಡ! ಅದು ಸುಮ್ನೆ, ಅಲಂಕಾರಕ್ಕೆ...”

“ಯಾರೋ ಹೇಳಿದ್ದು ನಿಂಗೆ?” ಅಮ್ಮ ಬಿಕ್ಕಿದಳು. “ನಿನ್ನ ಪರೀಕ್ಷೆ ಮುಗಿಯೋವರೆಗೂ ಯಾರೂ ಬಾಯಿಬಿಡಬಾರ್ದು ಅಂತ ಮನೆಮಂದೀನೆಲ್ಲ ಆಣೆ ಹಾಕಿ ಕಟ್ಟಿಹಾಕಿದ್ದೆ. ನೀನು ಕೇಳಿದಾಗೆಲ್ಲ ಮಲಗಿದಾರೆ, ಸ್ನಾನಕ್ಕೆ ಹೋಗಿದಾರೆ ಅಂತ ಎಷ್ಟು ದಿನ ಸುಳ್ಳು ಹೇಳಲಪ್ಪಾ? ಕೊನೇ ದಿನ ನಿನ್ನ ದನಿ ಕೇಳ್ಬೇಕು ಅಂದ್ರು ಕಣೋ. ನಿಂಗೆ ಪಾಠ ಇರುತ್ತೆ, ಬೇಡ ಅಂತ ನಾನೇ ಅಂದುಬಿಟ್ಟೆ.”

ದೊರೆಗೆ ಬೆಳಗಿನಿಂದ ಬಾರದ ಅಳು ಒಮ್ಮೆಗೇ ನುಗ್ಗಿ ಬಂತು. ಅಂತೂ ಅತ್ತನಲ್ಲ ಎಂದು ಮನೆಯೊಡತಿ ನೆಮ್ಮದಿಯ ಉಸಿರು ಬಿಟ್ಟಳು.

“ಅಮ್ಮ ಏನಂದ್ರು?” ಎಂದು ಪ್ರೊಫೆಸರಮ್ಮ ಮೆಲ್ಲನೆ ಕೇಳಿದರು.

“ಅಜ್ಜಿ... ಅಜ್ಜಿ ಹೋಗ್ಬಿಟ್ರಂತೆ ಮೇಡಂ.”

“ಗೊತ್ತಪ್ಪಾ. ಬೆಳಿಗ್ಗೇನೇ ತಿಳಿಸಿದ್ಯಲ್ಲ.”

“ಅಲ್ಲ ಮೇಡಂ, ನಿಜವಾಗ್ಲೂ ಹೋಗ್ಬಿಟ್ಟಿದಾರೆ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಪಾಪ, ಈಗ ಮನಸ್ಸಿಗೆ ಇಳೀತಿದೆ” ಎಂದರು ಡಾಕ್ಟರು, ಪಿಸುದನಿಯಲ್ಲಿ.

ಪ್ರೊಫೆಸರಮ್ಮ ಎದ್ದು ಅವನ ಬೆನ್ನು ಸವರಿದರು. “ಮೊದಲ ದಿನಾನೇ ಕಷ್ಟ. ಅದು ಕಳೀತು ಬಿಡು. ನಾಳಿದ್ದು ಬೇಗ ಬಾ” ಎಂದು ಹೊರಟರು. ಬೆಳಗಿನಿಂದ ಸಂತೈಸಿ ಸುಸ್ತಾಗಿದ್ದ ಡಾಕ್ಟರೂ ಅವರ ಹಿಂದೆಯೇ ಬಾಗಿಲು ದಾಟಿದರು.