ನಮ್ಮಣ್ಣ ಮತ್ತು ನಾನು ಹಾಕದ ವೈರುಗಳು

ಮೂರು ವೈರು ಬದಲಾಯಿಸು ಎಂದು ನಮ್ಮಣ್ಣ ಹೇಳಿದ್ದ. ನಾನು ಬದಲಾಯಿಸಲಿಲ್ಲ. ಬದಲಾಯಿಸಿದೆ ಎಂದು ಸುಳ್ಳು ಹೇಳಿದೆ. ನನ್ನ ತಪ್ಪು ಇಷ್ಟೇ. ಇಷ್ಟೇ ಎಂದು ಬರೆಯುವುದು ಎಷ್ಟು ಸುಲಭ ನೋಡಿ! ಆದರೆ ಈ ತಪ್ಪಿನ ತೂಕ ನಿಮಗೆ ಗೊತ್ತಾಗಬೇಕಾದರೆ, ನಮ್ಮಣ್ಣ ಎಂಥ ವಿಚಿತ್ರ ಪ್ರಾಣಿ ಎಂಬುದು ಮೊದಲು ಗೊತ್ತಾಗಬೇಕು.

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಕರಿ ಕಂಬಳಿ ಹೊದ್ದು ಕೆಲಸ ಮಾಡುವ ಮೆಕ್ಯಾನಿಕ್ಕನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಲಗ್ಗೆರೆಯಲ್ಲಿ ಒಬ್ಬನಿದ್ದ. ಯಾವುದಾದರೂ ಹಳೇ ಕಾರು ಕೆಮ್ಮಿಕೊಂಡು, ಜಗ್ಗಿಕೊಂಡು ಬಂದರೆ ಸಾಕು, ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ತನ್ನ ಮೇಲೂ ಅದರ ಮೇಲೂ ಕಂಬಳಿ ಎಳೆದುಕೊಳ್ಳುತ್ತಿದ್ದ. ಕೈಯಲ್ಲಿ ಕಟಿಂಗ್ ಶಾಪಿನವರು ತಲೆಗೆ ನೀರು ಹೊಡೆಯುವ ಬಾಟಲಿ! ಪ್ಲಗ್ಗಿಗೆ ಕರೆಂಟು ಒಯ್ಯುವ ವೈರಿನ ರಬ್ಬರು ಹಳತಾಗಿ ಬಿರುಕು ಬಿಟ್ಟರೆ ಕರೆಂಟು ದಾರಿಯಲ್ಲೇ ಸೋರುತ್ತದೆ. ಅಲ್ಲಿಗೆ ನಾಲ್ಕು ಹನಿ ನೀರು ಬಿದ್ದರೆ ನೀಲಿ ಕಿಡಿ ಹಾರುತ್ತದೆ. ಬೆಳಕಿನಲ್ಲಿ ಅದು ಕಾಣುವುದಿಲ್ಲ. ಬೇರೆಯವರಾದರೆ ಕತ್ತಲಾಗಲಿ ಎಂದು ಕಾಯುತ್ತಾರೆ. ನಮ್ಮಣ್ಣನಿಗೆ ಸೂರ್ಯ ಮುಳುಗುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಆ ಕಂಬಳಿಯ ಎರಡು ಮೂಲೆಗಳನ್ನು ಫ್ಯಾನ್ ಬೆಲ್ಟು ತಿಂದುಹಾಕಿತ್ತು. ಅಣ್ಣನನ್ನು ತಿನ್ನದೆ ಬಿಟ್ಟಿದ್ದು ಅದರ ದೊಡ್ಡತನ!

ಒಮ್ಮೆ ವೈಟ್‌ಫೀಲ್ಡಿನಿಂದ ಒಬ್ಬರು, ಕೊರಳಲ್ಲಿ ಕಂಪನಿ ಕಾರ್ಡು ನೇತುಹಾಕಿಕೊಂಡು, ತಮ್ಮ ತಂದೆಯ ಕಾಲದ ಕಾರು ತಂದರು.

"ಸ್ಕ್ಯಾನರ್ ಇಲ್ವಾ ನಿಮ್ಮತ್ರ?"

"ಇದೆಯಲ್ಲ ಸಾರ್, ಒಳಗೆ ಬನ್ನಿ" ಎಂದು ಅಣ್ಣ ಕಂಬಳಿ ಎತ್ತಿ ಹಿಡಿದ.

ಪಾಪ, ಹೋದರು! ಐದು ನಿಮಿಷ ಹೊರಗೆ ಕಂಡಿದ್ದು ನಾಲ್ಕು ಕಾಲು ಮಾತ್ರ. ಆಮೇಲೆ ಬೆವರು ಸುರಿಸುತ್ತ ಹೊರಬಂದು, "ಸಕ್ಕತ್ತಾಗಿದೆ ಕಣ್ರೀ!" ಎಂದರು. ಅವರ ಖುಷಿ ಅಲ್ಲಿಗೆ ಮುಗಿಯಿತು. ಏಕೆಂದರೆ ನಮ್ಮಣ್ಣನ ಕಟ್ಟಳೆ ಒಂದಿತ್ತು: ಹೊಸ ವೈರನ್ನು ಗಾಡಿ ಓಡಿಸುವವರೇ ಹಾಕಬೇಕು.

"ನಾನಾ?"

"ಮತ್ತೆ? ನಡುರೋಡಲ್ಲಿ ನಿಂತ್ರೆ ನಾನು ಓಡ್ಬರ್ತೀನಾ ಸಾರ್? ಒಂದು ಕಿತ್ತು ಒಂದು ಹಾಕಿ. ಎಲ್ಲಾ ಒಟ್ಟಿಗೆ ಕಿತ್ರೆ ಯಾವ್ದು ಎಲ್ಲಿಗೆ ಅಂತ ನಿಮ್ಮಪ್ಪಾಜಿನೇ ಬಂದು ಹೇಳ್ಬೇಕಾಗುತ್ತೆ!"

ಅವರು ಹಾಕಿದರು. ಹಾಕಿದ ಮೇಲೆ ಅಣ್ಣ ಮತ್ತೆ ಕಂಬಳಿ ಹೊದ್ದು ನೋಡಿದ. ಕಣ್ಣಾರೆ ಕಾಣದೆ ಅವನು ಯಾರನ್ನೂ ನಂಬುತ್ತಿರಲಿಲ್ಲ.

ನನ್ನ ಮದುವೆಯ ಕಥೆ ಕೇಳಿ. ಅಪ್ಪ ತೀರಿಹೋಗಿದ್ದರು, ಧಾರೆ ಎರೆಯಬೇಕಾದವನು ಅಣ್ಣ. ಮುಹೂರ್ತದ ಹೊತ್ತಿಗೆ ಅವನೇ ನಾಪತ್ತೆ! ಹುಡುಕಿದರೆ, ಬೀಗರ ಕಾರಿನ ಮುಂದೆ ಛತ್ರದ ಜಮಖಾನ. ಅದರ ಕೆಳಗೆ ರೇಷ್ಮೆ ಪಂಚೆ ಉಟ್ಟ ಎರಡು ಕಾಲು. "ಗಂಡಿನ ಕಡೆ ಕಾರಲ್ಲಿ ಎರಡನೇ ವೈರ್ ಹೋಗಿದೆ, ನನ್ ತಂಗೀನ ಇದ್ರಲ್ಲಿ ಹೆಂಗೆ ಕಳಿಸ್ಲಿ?" ಎಂದು ಎಲ್ಲರ ಮೇಲೂ ರೇಗಿದ. ಕಪ್ಪು ಕೈಯಲ್ಲೇ ಧಾರೆ ಎರೆದ. ಫೋಟೋದಲ್ಲಿ ಇವತ್ತಿಗೂ ನನ್ನ ಕೈ ಮೇಲೆ ಮೆಹಂದಿಗಿಂತ ಗ್ರೀಸೇ ಎದ್ದು ಕಾಣುತ್ತದೆ.

ನಾನು ಓದಿದ್ದು ಆರನೇ ಕ್ಲಾಸು. ಮನೆಯಲ್ಲಿ ಅಡುಗೆ ಮಾಡಿ, ಹಳೇ ವ್ಯಾನಿನಲ್ಲಿ ಪೀಣ್ಯದ ಫ್ಯಾಕ್ಟರಿಗಳಿಗೆ ಮಧ್ಯಾಹ್ನದ ಊಟ ಒಯ್ಯುತ್ತಿದ್ದೆ. ವ್ಯಾನು ಓಡಿಸಲು ಕಲಿಸಿದವನೂ ಅಣ್ಣನೇ. ಅದರ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಒಂದು ದಿನ ಸೀಟು ಎತ್ತಿ, ಕಂಬಳಿ ಹೊದ್ದು ನೋಡಿದವನೇ, "ಮೂರೂ ಹೋಗಿವೆ ಕಣಮ್ಮ. ಮಳೆ ಹಿಡಿಯೋದ್ರೊಳಗೆ ಹಾಕ್ಕೊ" ಎಂದು ಹೊಸ ವೈರುಗಳನ್ನು ಅವನೇ ತಂದು ಕೈಗಿಟ್ಟ.

ನಾಳೆ ಹಾಕೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಅವನೋ, ಕಂಡಾಗಲೆಲ್ಲ ನಾಲ್ಕು ಜನರ ಮುಂದೆ, "ಹಾಕಿದ್ಯೇನೇ? ನಿನ್ ವ್ಯಾನಿನ ಕೆಮ್ಮು ನನ್ ಮನೇವರ್ಗೂ ಕೇಳುತ್ತೆ!" ಎನ್ನುತ್ತಿದ್ದ. ನನಗೂ ರೇಗಿತು. ಒಂದು ದಿನ ಟೈರಿಗೆ ಹಚ್ಚುವ ಪಾಲಿಶ್ ತಂದು ಹಳೇ ವೈರುಗಳನ್ನೇ ಉಜ್ಜಿದೆ. ಮಿರಮಿರ ಮಿಂಚಿದವು.

"ಹಾಕಿದೀನಿ, ನೋಡ್ಕೊ" ಎಂದು ಸೀಟು ಎತ್ತಿದೆ.

ಕಂಬಳಿ ತರಲು ಹೋಗುತ್ತಾನೆ, ಸಿಕ್ಕಿಬೀಳುತ್ತೇನೆ, ನಾಲ್ಕು ಬೈಗುಳಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವನು ಬಗ್ಗಿ ಒಮ್ಮೆ ನೋಡಿ ಸೀಟು ಮುಚ್ಚಿದ.

"ನೀನು ಹಾಕಿದೀನಿ ಅಂದ್ಮೇಲೆ ಇನ್ನೇನೇ ನೋಡೋದು?"

ಮಳೆಗಾಲ ಶುರುವಾಗಿ ವಾರ ಕಳೆದಿರಲಿಲ್ಲ, ಅಣ್ಣ ಗ್ಯಾರೇಜಿನಲ್ಲಿ ಕುಸಿದುಬಿದ್ದ. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ನಾನೂ ಅತ್ತಿಗೆಯೂ ಅವನನ್ನು ವ್ಯಾನಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟೆವು. ಗೊರಗುಂಟೆಪಾಳ್ಯದ ಹತ್ತಿರ ರಸ್ತೆ ತುಂಬ ನೀರು. ವ್ಯಾನು ಎರಡು ಸಲ ಜಗ್ಗಿ ನಿಂತೇಬಿಟ್ಟಿತು.

ಹಿಂದೆ ಅತ್ತಿಗೆಯ ತೊಡೆಯ ಮೇಲೆ ಮಲಗಿದ್ದ ರೋಗಿ ಬಾಯಿಬಿಟ್ಟ. ದೇವರನ್ನು ಕರೆದ ಎಂದುಕೊಂಡಿರಾ?

"ವೈರಲ್ಲ... ವೈರ್ ಹೊಸ್ದು... ಡಿಸ್ಟ್ರಿಬ್ಯೂಟರ್ ಮುಚ್ಳ ತೆಗ್ದು... ಒರ್ಸು" ಎಂದು ತೊದಲಿದ.

ವೈರೇ ಎಂದು ನನಗೆ ಗೊತ್ತಿತ್ತು. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಆ ಕ್ಷಣವೇ ವ್ಯಾನು ಬಿಟ್ಟು ಆಟೋ ಹಿಡಿಯಬಹುದಿತ್ತು. ಆದರೆ ಅತ್ತಿಗೆಯ ಎದುರು ಹೇಗೆ ಹೇಳಲಿ? ಸೀಟು ಎತ್ತಿ, ಮೂರೂ ವೈರಿಗೆ ಕರೆಂಟು ಹಂಚುವ ಆ ಡಬ್ಬಿಯ ಮುಚ್ಚಳ ತೆಗೆದು ಸೆರಗಿನಿಂದ ಒರೆಸಿದೆ. ವ್ಯಾನು ಏಳಲಿಲ್ಲ. ಮತ್ತೆ ಒರೆಸಿದೆ. "ಇನ್ನೊಂದ್ಸಲ ಒರ್ಸು ತಾಯಿ, ಎದ್ದೇಳುತ್ತೆ" ಎಂದು ನನಗೆ ಧೈರ್ಯ ಹೇಳಿದವನೂ ಅವನೇ! ಮೂರನೇ ಸಲ ಒರೆಸುವಾಗ ಅತ್ತಿಗೆ ಅಳುತ್ತ ಮೊಣಕಾಲುದ್ದ ನೀರಿಗಿಳಿದು ಒಂದು ಆಟೋಗೆ ಅಡ್ಡ ನಿಂತಳು.

"ಇನ್ನೂ ಬೇಗ ಕರ್ಕೊಂಡು ಬರ್ಬೇಕಿತ್ತು" ಎಂದರು ಡಾಕ್ಟರು. ಅಣ್ಣ ಉಳಿದ. ಬಲಗೈ ಉಳಿಯಲಿಲ್ಲ. ಮಾತು ಅರ್ಧ ಉಳಿಯಿತು.

ಕೈ ಹೋಗಿದ್ದಕ್ಕೆ ಅವನು ಒಂದು ದಿನವೂ ಅಳಲಿಲ್ಲ. ಅತ್ತಿದ್ದು ಬೇರೆಯದಕ್ಕೆ. ಗಾಡಿ ತೋರಿಸಲು ಯಾರೇ ಬಂದರೂ ಬಾಗಿಲಲ್ಲೇ ಕೈ ಮುಗಿಯುವಂತೆ ಎಡಗೈ ಎತ್ತಿ, "ಬೇರೆ ಕಡೆ ಹೋಗಿ ಸಾರ್. ಗಾಡಿ ಸದ್ದು ಕೇಳಿ ಹೇಳೋ ನನ್ ಕಿವಿ ಹೋಯ್ತು. ತಂಗಿ ಗಾಡೀದೇ ಏನಾಗಿದೆ ಅಂತ ಗೊತ್ತಾಗ್ಲಿಲ್ಲ" ಎನ್ನುತ್ತಿದ್ದ. ಹೇಳುವಾಗ ಕಣ್ಣು ತುಂಬುತ್ತಿತ್ತು. ಎಂಟು ತಿಂಗಳು ಅದನ್ನು ಕೇಳಿಸಿಕೊಂಡು, ಅವನಿಗೆ ಅನ್ನ ಕಲಸಿ ಕೊಟ್ಟು, ಏನೂ ಗೊತ್ತಿಲ್ಲದವಳಂತೆ ತಟ್ಟೆ ತೊಳೆದೆ.

ಮೊನ್ನೆ ಬೊಮ್ಮನಹಳ್ಳಿಯಿಂದ ಒಬ್ಬ ಟ್ಯಾಕ್ಸಿಯವನು ಬಂದಿದ್ದ. "ನಿಮ್ಮನ್ನೇ ಹುಡ್ಕೊಂಡು ಬಂದೆ ಗುರುವೇ, ಏರಲ್ಲಿ ಗಾಡಿ ಎಳೀತಿಲ್ಲ" ಎಂದ. ಅಣ್ಣ ಎಡಗೈ ಎತ್ತಿದ. "ನನ್ ಕಿವಿ..." ಎಂದು ಶುರು ಮಾಡಿದ. ಅತ್ತಿಗೆ ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳೂ ಕೇಳಿಸಿಕೊಳ್ಳಲಿ ಎಂದುಕೊಂಡೆ.

"ಅಣ್ಣಾ, ನಿನ್ ಕಿವಿಗೇನೂ ಆಗಿಲ್ಲ. ಅವತ್ತು ಹೋಗಿದ್ದು ವೈರೇ. ನಾನು ಹಾಕೇ ಇರ್ಲಿಲ್ಲ. ಹಳೇದಕ್ಕೇ ಪಾಲಿಶ್ ಹೊಡ್ದು ನಿನ್ಗೆ ತೋರಿಸ್ದೆ. ರೋಡಲ್ಲಿ ನಿಂತಾಗ್ಲೂ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಕಣಣ್ಣ. ನಂದೇ ತಪ್ಪು, ನಿಂದಲ್ಲ."